ಎಡತೋಳಿನ ಅಳತೆ

ಬಲತೋಳಿನ ಅಳತೆ ಮುಗಿಸಿ ಟೇಪನ್ನು ಕೊರಳಿಗೆ ಹಾಕಿಕೊಳ್ಳುವಷ್ಟರಲ್ಲಿ ಮಗಳು ಚೂಟಿ ಎಡತೋಳನ್ನೂ ಎತ್ತಿ ಹಿಡಿದು ನಿಂತಳು. ಮೊಣಕೈ ಬರುವ ಮುಂಚೆಯೇ ಮುಗಿದುಹೋಗುವ ತೋಳು, ಹುಟ್ಟಿನಿಂದಲೇ ಹಾಗೆ. ಅಂಗಡಿಯ ಬಾಗಿಲು ಪೂರ್ತಿ ತೆರೆದಿತ್ತು, ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಟೈಲರ್ ಮೊದಲು ಬಾಗಿಲ ಕಡೆ ನೋಡಿದ, ಆಮೇಲೆ ಮಗಳ ಮುಖ ನೋಡಿದ. ತೋಳನ್ನು ಮಾತ್ರ ನೋಡಲಿಲ್ಲ.

"ಇಳಿಸು, ಆಯ್ತು," ಎಂದ.

"ಎಲ್ಲಿ ಆಯ್ತು? ಇದರದ್ದು ತಗೊಂಡೇ ಇಲ್ಲ."

"ಎರಡೂ ಒಂದೇ ಅಳತೆ ಕಣೇ."

"ಒಂದೇನಾ?" ಚೂಟಿ ಎರಡೂ ತೋಳನ್ನು ಮುಂದಕ್ಕೆ ಚಾಚಿ ಪಕ್ಕಪಕ್ಕ ಹಿಡಿದಳು. "ನೀನು ಈ ಊರಿಗೇ ದೊಡ್ಡ ಟೈಲರ್ ಅಂತೆ. ಸರಿಯಾಗಿ ನೋಡಿ ಹೇಳು."

ನಗುತ್ತಲೇ ಹೇಳಿದ್ದಳು. ಆ ನಗು ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ನಾಳೆಯಿಂದ ಅವಳಿಗೆ ಹೈಸ್ಕೂಲು. ಹೊಸ ಶಾಲೆ, ಹೊಸ ಯೂನಿಫಾರ್ಮು. ಕೃತಕ ಕೈಯನ್ನು ಮನೆಯಲ್ಲೇ ಬಿಟ್ಟು ಬರಿದೋಳಿನಲ್ಲಿ ಬೀದಿಯುದ್ದಕ್ಕೂ ನಡೆದು ಬಂದಿದ್ದಳು. ಬಂದವಳು ಗಟ್ಟಿ ಗಿರಾಕಿಯ ಹಾಗೆ ತನಗೆ ಬೇಕಾದದ್ದನ್ನು ಹೇಳಿದ್ದಳು: ಬಲಗಡೆ ಎಲ್ಲರ ಹಾಗೆ ಅರ್ಧ ತೋಳು, ಎಡಗಡೆ ಅದಕ್ಕಿಂತ ಮೇಲಕ್ಕೆ, ಮರಿಗೈಯ ತುದಿ ಹೊರಗಿರುವ ಹಾಗೆ. ಆ ತೋಳಿಗೆ ಮರಿಗೈ ಎಂದು ಚಿಕ್ಕಂದಿನಲ್ಲೇ ಹೆಸರಿಟ್ಟವಳು ಅವಳೇ. "ಬಟ್ಟೆ ಮುಚ್ಚಿಕೊಂಡ್ರೆ ಪುಸ್ತಕ ಅಮುಕಿ ಹಿಡಿಯೋಕಾಗಲ್ಲ, ಜಾರುತ್ತೆ. ದೊಗಳೆ ಬೇಡ, ಗಾಳಿ ತುಂಬ್ಕೊಂಡು ಚೀಲದ ಥರ ಆಡುತ್ತೆ. ಬಿಗೀನೂ ಬೇಡ. ಅದಕ್ಕೇ ಅಳತೆ ತಗೋ ಅನ್ನೋದು."

ಅವನು ಟೇಪನ್ನು ಕೊರಳಿಂದ ತೆಗೆದ. ಅದರ ತುದಿಯ ತಗಡು ಬೆರಳಿಗೆ ತಣ್ಣಗೆ ತಾಗಿತು. ಅಷ್ಟರಲ್ಲಿ ಪುಣ್ಯಕ್ಕೆ ಒಬ್ಬ ತಾಯಿ ಇಬ್ಬರು ಮಕ್ಕಳನ್ನು ಎಳೆದುಕೊಂಡು ಒಳಗೆ ಬಂದಳು. ಟೈಲರ್ ಅವಳನ್ನು ಕಂಡದ್ದೇ ತಡ, ಎಂದೂ ಇಲ್ಲದ ಉಪಚಾರ ಮಾಡಿದ. ಬನ್ನಿ ಅಕ್ಕ, ಕೂತ್ಕೊಳ್ಳಿ ಅಕ್ಕ ಎಂದ. ಮಗಳ ಕಡೆ ತಿರುಗದೆ, "ಸಂಜೆ ನೋಡೋಣ, ಕೆಲಸ ಎಷ್ಟಿದೆ ನೋಡು," ಎಂದ. ಚೂಟಿ ತೋಳುಗಳನ್ನು ಇಳಿಸಿದಳು. ಬಾಗಿಲಲ್ಲಿ ನಿಂತು, "ನೀನು ಹೊಲಿಯಲ್ಲ ಅಂದ್ರೆ ಹೇಳಿಬಿಡು, ಬೇರೆ ನೋಡ್ಕೋತೀನಿ," ಎಂದಳು. "ಹೋಗೇ, ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳ್ತಾರಾ," ಎಂದು ಅವನು ನಕ್ಕ. ಬಂದ ತಾಯಿಯೂ ನಕ್ಕಳು. ಆಮೇಲೆ ಅವಳ ಕಣ್ಣು ಹೊರಗೆ ಹೋಗುತ್ತಿದ್ದ ಹುಡುಗಿಯ ಎಡಗಡೆಗೆ ಹೋಗಿ ಅಲ್ಲೇ ನಿಂತಿತು. ಅವನಿಗೆ ಗೊತ್ತಿತ್ತು ಅದು ಎಲ್ಲಿ ನಿಂತಿದೆ ಎಂದು. ಎಲ್ಲರ ಕಣ್ಣೂ ಅಲ್ಲಿಗೇ ಹೋಗಿ ನಿಲ್ಲುವುದನ್ನು ಇಷ್ಟು ವರ್ಷ ನೋಡುತ್ತ ಬಂದವನು ಅವನು.

ಎಲ್ಲ ಏರ್ಪಾಡೂ ಆಗಿತ್ತಲ್ಲ ಎಂಬುದೇ ಅವನ ಸಂಕಟ. ಹೊಸ ಶಾಲೆಯಲ್ಲಿ ಇವಳನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಪೂರ್ತಿ ತೋಳು, ತುದಿಗೆ ಗುಂಡಿ, ಕೃತಕ ಕೈಗೆ ತೆಳು ಗವಸು, ಎಡಗಡೆ ಜೇಬು ಒಂದು ಬೆರಳು ಕೆಳಗೆ, ಆ ಕೈ ಸಹಜವಾಗಿ ಇಳಿಬಿದ್ದು ಕೂರುವ ಜಾಗದಲ್ಲಿ. ಯಾರಿಗೂ ಗೊತ್ತಾಗದಂತೆ ಒಂದು ವರ್ಷ ದಾಟಿಬಿಟ್ಟರೆ ಆಮೇಲೆ ಗೊತ್ತಾದರೂ ಅಷ್ಟರಲ್ಲಿ ಸ್ನೇಹ ಕುದುರಿರುತ್ತದೆ ಎಂಬುದು ಅವನ ಲೆಕ್ಕ. ಅರ್ಧ ತೋಳಿನ ಯೂನಿಫಾರ್ಮಿನ ಶಾಲೆಯಲ್ಲಿ ಪೂರ್ತಿ ತೋಳಿಗೆ ಒಪ್ಪಿಗೆ ಕೇಳಲು ಅವನು ತಾನೇ ಹೋಗಿದ್ದ. ಹೆಡ್‌ಮಿಸ್ಸು ಫೋನಿನಲ್ಲಿ ಮಾತಾಡುತ್ತಲೇ ಕೈಸನ್ನೆಯಲ್ಲಿ ನಿಲ್ಲಿಸಿದ್ದರು. ಏನು ಕಾರಣ ಎಂದಾಗ ಅವನ ಬಾಯಿಂದ ತಾನಾಗಿ ಬಂದದ್ದು, ಚರ್ಮದ ತೊಂದರೆ ಮೇಡಂ, ಬಿಸಿಲು ತಾಗಬಾರದು ಅಂದಿದ್ದಾರೆ ಡಾಕ್ಟ್ರು. ಅಂಟುತ್ತಾ ಅದು, ಎಂದು ಅವರು ಕೇಳಿದ್ದರು. ಇಲ್ಲ ಇಲ್ಲ ಎನ್ನುವಾಗ ಕುಂಬಳಕಾಯಿ ಕಳ್ಳನ ಹಾಗೆ ಅವನ ಕೈ ತಾನಾಗಿ ತನ್ನದೇ ಎಡತೋಳನ್ನು ಮುಟ್ಟಿ ನೋಡಿಕೊಂಡಿತ್ತು. ಸರಿ ಹಾಕಿಕೊಳ್ಳಲಿ ಎಂದವರು ಅವನು ಬಾಗಿಲು ದಾಟುವ ಮುಂಚೆ, ಹೇಗೂ ಬಂದಿದೀರಲ್ಲ, ಈ ಕಿಟಕಿಗಳ ಪರದೆಗೆ ಒಂದು ಅಳತೆ ತಗೊಂಡು ಹೋಗಿಬಿಡಿ ಎಂದರು. ಸ್ಟೂಲು ಹತ್ತಿ ಕಿಟಕಿ ಕಿಟಕಿಯನ್ನೂ ಅಳೆದ. ಕೆಳಗೆ ಗುಮಾಸ್ತೆಯೊಬ್ಬಳು ತಲೆಯೆತ್ತಿ ಅವನ ಹಿಮ್ಮಡಿಯ ಬಿರುಕುಗಳನ್ನು ನೋಡುತ್ತ ಕೂತಿದ್ದಳು. ಇದೆಲ್ಲ ಯಾರಿಗಾಗಿ ಮಾಡಿದ್ದು? ತನಗಾಗಿ ಮಾಡಿದನೇ? ಮನೆಗೆ ಬಂದು ಸಂತೋಷದ ಸುದ್ದಿಯೆಂದು ಹೇಳಿದರೆ ಚೂಟಿ ತಟ್ಟೆಯಿಂದ ತಲೆಯೆತ್ತದೆ, "ಬಚ್ಚಿಡೋದಕ್ಕೆ ನಾನೇನು ಕದ್ದಿದೀನಾ?" ಎಂದಿದ್ದಳು.

ಮಕ್ಕಳ ಯೂನಿಫಾರ್ಮುಗಳ ರಾಶಿ ಕರಗುತ್ತಿರಲಿಲ್ಲ, ತಲೆಯೆತ್ತಿ ಬೀದಿ ನೋಡಲೂ ಪುರುಸೊತ್ತಿರಲಿಲ್ಲ. ಅಂಗಿಯ ಮೇಲೆ ಅಂಗಿ, ತೋಳಿನ ಮೇಲೆ ತೋಳು. ತೋಳು ಕತ್ತರಿಸುವುದರಲ್ಲಿ ಅವನಷ್ಟು ಚುರುಕು ಆ ಬೀದಿಯಲ್ಲಿ ಯಾರೂ ಇಲ್ಲ. ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಸೀಮೆಸುಣ್ಣದಲ್ಲಿ ಒಂದೇ ಗೆರೆ ಎಳೆದು, ಕತ್ತರಿಯನ್ನು ಒಮ್ಮೆ ಓಡಿಸಿದರೆ ಎಡಬಲ ಎರಡೂ ಒಟ್ಟಿಗೆ ಬಿಡಿಸಿಕೊಂಡು ಬರುತ್ತವೆ. ಅಪ್ರೆಂಟಿಸಿಗೆ ಸೇರಿದ ಮೊದಲ ವಾರ ಉಸ್ತಾದರು ಕಲಿಸಿದ್ದು ಅದು. ದೇವರು ಎರಡೂ ಕಡೆ ಒಂದೇ ಥರ ಕೊಟ್ಟಿದಾನೆ ಕಣೋ, ಒಂದು ಕಡೆ ಅಳೆದರೆ ಸಾಕು ಎಂದಿದ್ದರು. ಆಸ್ಪತ್ರೆಯಲ್ಲಿ ನರ್ಸು ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಅವನ ಕೈಗಿಟ್ಟಾಗ ಅವನಿಗೆ ನೆನಪಾದದ್ದು ಉಸ್ತಾದರ ಆ ಮಾತೇ. ಹೆಣ್ಣು ಮಗು ಎಂದಷ್ಟೇ ನರ್ಸು ಹೇಳಿದಳು. ಉಳಿದದ್ದನ್ನು ಟೈಲರನ ಕಣ್ಣಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸುತ್ತಿದ ಬಟ್ಟೆ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಸಪಾಟಾಗಿತ್ತು. ಬಿಚ್ಚಿ ನೋಡಲಿಲ್ಲ. ಅಂದಿನಿಂದ ಅವನು ಹೊಲಿದ ಪುಟ್ಟ ಪುಟ್ಟ ಅಂಗಿಗಳ ತೋಳೆಲ್ಲ ಬೆರಳ ತುದಿ ದಾಟಿ ಇಳಿಬೀಳುವಷ್ಟು ಉದ್ದ. ಬೆಳೆಯೋ ಮಗು ಅಂತ ಟೈಲರ್ ಉಳಿತಾಯ ಮಾಡ್ತಿದಾನೆ ಎಂದು ನೆಂಟರು ತಮಾಷೆ ಮಾಡುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ. ಮನೆಯಲ್ಲಿ ಮಾತಿಗೂ ಅಂಥದೇ ಉದ್ದ ತೋಳು ಹೊಲಿದುಕೊಂಡರು. ಕೈಕೊಟ್ಟ, ಕೈಬಿಟ್ಟ, ಕೈಲಾಗದವನು ಎಂಬ ಮಾತು ನಾಲಗೆ ತುದಿಗೆ ಬಂದರೆ ನುಂಗಿಕೊಳ್ಳುವುದು. ಆದರೆ ಕನ್ನಡದಲ್ಲಿ ಕೈ ಇಲ್ಲದೆ ಒಂದು ಜಗಳವನ್ನಾದರೂ ಆಡಲಿಕ್ಕಾಗುತ್ತದೆಯೇ? ಒಮ್ಮೆ ಇವನ ಅಣ್ಣ ಊಟಕ್ಕೆ ಬಂದವನು ಯಾರದೋ ಗಂಡ ಹೆಂಡಿರ ವಿಷಯಕ್ಕೆ, ಒಂದೇ ಕೈಯಿಂದ ಚಪ್ಪಾಳೆ ಆಗುತ್ತಾ ಎಂದುಬಿಟ್ಟ. ಅಂದಮೇಲೆ ಸುಟ್ಟ ಬಾಯಿಯವನಂತೆ ಕೂತ. ಚೂಟಿ ಬಲಗೈಯಿಂದ ತನ್ನ ತೊಡೆಗೆ ಫಟ್ ಎಂದು ಹೊಡೆದುಕೊಂಡು, "ಆಗುತ್ತಲ್ಲ ದೊಡ್ಡಪ್ಪ," ಎಂದಳು. ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನು ಮಾತ್ರ ತಟ್ಟೆ ಸರಿಸಿ ಎದ್ದುಬಿಟ್ಟ. ಇವರಿಬ್ಬರೂ ತನ್ನನ್ನು ಹೊರಗಿಟ್ಟು ಏನನ್ನೋ ಹಂಚಿಕೊಂಡಿದ್ದಾರೆ ಎಂಬ ಹೊಟ್ಟೆಯುರಿ ಅದು ಎಂದು ಅವನಿಗೇ ಗೊತ್ತಾಗಿ ಇನ್ನಷ್ಟು ನಾಚಿಕೆಯಾಯಿತು.

ಮಧ್ಯಾಹ್ನ ಬೀದಿ ಖಾಲಿಯಾದಾಗ ಎದುರು ಸಾಲಿನ ಆಲ್ಟರೇಷನ್‌ನವನು ತನ್ನ ಮೆಷಿನ್ನಿನ ಮೇಲೆ ತಲೆಯಿಟ್ಟು ಮಲಗಿದ್ದ. ಹಳೆ ಪ್ಯಾಂಟು ಮೋಟು ಮಾಡುವುದು, ಜಿಪ್ಪು ಬದಲಾಯಿಸುವುದು ಅವನ ಕಸುಬು. ಅವನ ಹೊಲಿಗೆ ಒಂದೂ ನೇರ ಹೋಗುವುದಿಲ್ಲವೆಂದು ಅವನಿಗೆ ಸೊಟ್ಟಣ್ಣ ಎಂದು ಹೆಸರಿಟ್ಟು ಬೀದಿಗೆಲ್ಲ ಹಬ್ಬಿಸಿದವನು ಇವನೇ. ಸೊಟ್ಟಣ್ಣನಿಗೆ ಅದರ ಬೇಸರವಿದ್ದಂತಿರಲಿಲ್ಲ. ಯಾರು ಕರೆದರೂ ಓ ಎನ್ನುತ್ತಿದ್ದ. ಅವನ ನಿದ್ದೆ ನೋಡಿ ಟೈಲರಿಗೆ ಸಿಟ್ಟು ಬಂತು. ತನಗೆ ಅಂಥ ನಿದ್ದೆ ಬಂದು ಎಷ್ಟು ಕಾಲವಾಯಿತು. ಮೊದಲ ಕೃತಕ ಕೈ ಮಾಡಿಸಿದ ದಿನವಾದರೂ ಬಂದೀತೆಂದುಕೊಂಡಿದ್ದ. ಕೈ ಮಾಡುವವನು ಎಳೆಯ ಹುಡುಗ. ಚೂಟಿಯ ತೋಳನ್ನು ಲೋಟ ಹಿಡಿದಷ್ಟು ಸಲೀಸಾಗಿ ಹಿಡಿದು, ಒದ್ದೆ ಪಟ್ಟಿ ಸುತ್ತಿ ಅಚ್ಚು ತೆಗೆಯುತ್ತ ಯಾವುದೋ ಆಟಗಾರನ ಬಗ್ಗೆ ಮಾತಾಡುತ್ತಿದ್ದ. ಇವನು ಅಷ್ಟು ಹೊತ್ತೂ ಗೋಡೆಯ ಕಡೆ ತಿರುಗಿ ನಿಂತಿದ್ದ. ಆಮೇಲೆ ಬಣ್ಣದ ತುಣುಕುಗಳ ಹಲಗೆ ಮುಂದಿಟ್ಟು ಯಾವುದು ಬೇಕು ಎಂದಾಗ ಮಾತ್ರ ಅವನಿಗೆ ಜೀವ ಬಂತು. ಇದು ತನ್ನ ಕ್ಷೇತ್ರ. ಮಗುವಿನ ಕೆನ್ನೆಗೆ ಹಿಡಿದು ನೋಡಿ, ಅವಳ ಬಣ್ಣಕ್ಕಿಂತ ಒಂದು ಮೆಟ್ಟಿಲು ಗಾಢವಾದ್ದನ್ನು ಆರಿಸಿದ. ದಾರ ಆರಿಸುವವನು ಬಟ್ಟೆಗಿಂತ ಒಂದು ಮೆಟ್ಟಿಲು ಗಾಢವಾದ್ದನ್ನೇ ತೆಗೆದುಕೊಳ್ಳಬೇಕು, ಹೊಲಿಗೆಯಲ್ಲಿ ಅದು ತಿಳಿಯಾಗಿ ಬೆರೆತುಹೋಗುತ್ತದೆ. ಹುಡುಗ, ನೋಡಿ ಸಾರ್, ನಿಮ್ಮಿಷ್ಟ ಎಂದ. ಕೈ ಬಂತು. ಅದು ಎಲ್ಲಿಯೂ ತಿಳಿಯಾಗಲಿಲ್ಲ, ಬೆರೆಯಲೂ ಇಲ್ಲ. ಬೇರೆ ಯಾರದೋ ಕೈ ಎರವಲು ತಂದು ಸಿಕ್ಕಿಸಿದಂತೆ ದೂರಕ್ಕೇ ಕಾಣುತ್ತಿತ್ತು. ಮುಂದಿನ ಸಲ ಹಟಕ್ಕೆ ಬಿದ್ದು ತಿಳಿಬಣ್ಣ ತೆಗೆದುಕೊಂಡ. ಅಷ್ಟರಲ್ಲಿ ಮಗಳು ಬಿಸಿಲಲ್ಲಿ ಕುಣಿದು ಕಪ್ಪಗಾಗಿದ್ದಳು. ಅದಕ್ಕೇ ಗವಸು ಬಂತು. ಗವಸು ಬಂದದ್ದರಿಂದ ಪ್ರಶ್ನೆಗಳು ಬಂದವು. ಇದೇ ಅಂಗಡಿಯಲ್ಲಿ ಒಬ್ಬ ಗಿರಾಕಿ, ಯಾಕಪ್ಪ ಮಗೂಗೆ ಒಂದೇ ಗವಸು ಎಂದಾಗ ಇವನು, ಬಿಸಿ ನೀರು ಬಿದ್ದು ಸುಟ್ಕೊಂಡಿದಾಳೆ ಸಾರ್, ವಾಸಿಯಾಗ್ತಿದೆ ಎಂದುಬಿಟ್ಟಿದ್ದ. ಮಗು ಮೇಜಿನ ಕೆಳಗೆ ಬಟ್ಟೆಯ ಚೂರುಗಳಲ್ಲಿ ಆಡುತ್ತಿತ್ತು. ಅದಾದ ಮೇಲೆ ಎಷ್ಟೋ ದಿನ ಒಲೆ ಕಂಡರೆ ಕಿರುಚುತ್ತಿತ್ತು. ಕೊನೆಗೆ ಒಂದು ದಿನ ಅಮ್ಮನನ್ನು ಕೇಳಿತಂತೆ: ಅಮ್ಮ, ನನ್ನ ಕೈ ಸುಟ್ಟುಹೋದಾಗ ನೀನು ಎಲ್ಲಿದ್ದೆ?

ಹೆಂಡತಿ ಅವತ್ತು ಅವನಿಗೆ ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗು ಕೇಳಿದ್ದನ್ನು ಕೇಳಿದ ಹಾಗೇ ಹೇಳಿ, ಗುಂಡಿಗೆ ಕಾಜಾ ಹೊಲಿಯುತ್ತಿದ್ದ ಅಂಗಿಯತ್ತ ತಲೆ ಬಗ್ಗಿಸಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ರಾಶಿ ಮುಗಿಯಿತು. ಚೂಟಿಯ ಬಟ್ಟೆ ಮಾತ್ರ ಕಪಾಟಿನಲ್ಲಿ ಉಳಿಯಿತು. ತೆಗೆದು ಮೇಜಿನ ಮೇಲೆ ಹಾಸಿದ. ಸಂಜೆ ಅಂದ್ರೆ ಸಂಜೆ, ಮನೆಗೆ ಹೋಗಿ ಟೇಪು ಹಿಡಿಯಬೇಕು. ಎಲ್ಲಿಂದ ಹಿಡಿಯುವುದು? ಭುಜದ ತುದಿಯಿಂದ ಇಳಿದು ಬಂದು, ಅಲ್ಲಿ, ಮುಗಿಯುವಲ್ಲಿ, ಬೆರಳಿಟ್ಟು ಸುತ್ತಳತೆ ತೆಗೆಯಬೇಕು. ಎಷ್ಟು ಜನರ ತೋಳು ಹಿಡಿದಿಲ್ಲ ಅವನು. ಬೆವರಿದ್ದು, ಹುಣ್ಣಾದದ್ದು, ಸಾಯಲು ಬಿದ್ದವರದ್ದು. ತನ್ನ ಮಗಳ ತೋಳನ್ನು ಅವನು ಯಾವತ್ತಾದರೂ ಮುಟ್ಟಿದ್ದಾನೆಯೇ ಎಂದು ನೆನಪಿಸಿಕೊಳ್ಳಲು ನೋಡಿದ. ಸ್ನಾನ ಮಾಡಿಸಿದ್ದು ಹೆಂಡತಿ. ಪಟ್ಟಿ ಬಿಗಿದದ್ದು ಹೆಂಡತಿ. ರಸ್ತೆ ದಾಟಿಸುವಾಗ ಅವನು ಯಾವಾಗಲೂ ಅವಳ ಬಲಗಡೆ ಇರುತ್ತಿದ್ದ. ಹೊತ್ತುಕೊಂಡಾಗ? ಹೊತ್ತುಕೊಂಡಾಗ ಉದ್ದ ತೋಳಿನ ಅಂಗಿ ಇರುತ್ತಿತ್ತು. ಪ್ರೀತಿಯಿಲ್ಲದ್ದಕ್ಕೆ ಹಾಗಾಯಿತು ಎಂದು ಯಾರಾದರೂ ಅಂದಿದ್ದರೆ ಅವನು ಅವರ ಕೆನ್ನೆಗೆ ಬಾರಿಸುತ್ತಿದ್ದ. ಪ್ರೀತಿ ಇತ್ತು. ಅಸಹ್ಯವೂ ಅಲ್ಲ ಅದು. ಮುಟ್ಟಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೇಡಿತನ. ಯೋಚಿಸುತ್ತಿರುವಾಗಲೇ ಅವನ ಕೈಗಳು ಬಟ್ಟೆಯನ್ನು ಎರಡು ಮಡಿಕೆ ಮಾಡಿದ್ದವು. ಸೀಮೆಸುಣ್ಣ ಗೆರೆ ಎಳೆಯಿತು. ಕತ್ತರಿ ಓಡಿತು. ಬಿಡಿಸಿದಾಗ ಎರಡು ಪೂರ್ತಿ ತೋಳುಗಳು, ನೂಲಿನೆಳೆಯಷ್ಟೂ ವ್ಯತ್ಯಾಸವಿಲ್ಲದೆ, ಮೇಜಿನ ಮೇಲೆ ಪಕ್ಕಪಕ್ಕ ಮಲಗಿದ್ದವು. ಬೇಕಾದರೆ ಮಡಿಸಿಕೊಳ್ಳಲಿ, ಎಂದುಕೊಂಡ. ತಾನು ಮಾಡಿದ್ದು ಮರೆವಿನಿಂದಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಂಗಿ ಮಾತ್ರ ಅವನು ಆವರೆಗೆ ಹೊಲಿದದ್ದರಲ್ಲೇ ಚೆಂದವಾಗಿ ಬಂತು. ಕಾಗದದಲ್ಲಿ ಸುತ್ತಿಕೊಂಡು ಮನೆಗೆ ಹೋದ. ಮಗಳು ನಡುಮನೆಯ ಕನ್ನಡಿಯ ಮುಂದೆ ನಿಂತು ಆ ಕಡೆ ಈ ಕಡೆ ತಿರುಗಿ ನೋಡಿಕೊಳ್ಳುತ್ತಿದ್ದಳು. ಮೈಮೇಲೆ ಯೂನಿಫಾರ್ಮಿನ ಅಂಗಿ. ಅದೇ ಬಟ್ಟೆ, ಅದೇ ಬಣ್ಣ. ಕಾಲರಿನ ಒಂದು ಮೂಲೆ ಮೇಲೆ, ಒಂದು ಕೆಳಗೆ. ಜೇಬು ವಾಲಿತ್ತು. ಗುಂಡಿಪಟ್ಟಿ ಹಾವು ಹರಿದ ಹಾಗಿತ್ತು. ಯಾರ ಕೈಯ ಕೆಲಸವೆಂದು ಅವನು ಕೇಳಬೇಕಾಗಿರಲಿಲ್ಲ. ಎಡತೋಳು ಮರಿಗೈಗೆ ಎಷ್ಟು ಬೇಕೋ ಅಷ್ಟಕ್ಕೆ ಬಂದು ನಿಂತಿತ್ತು. ಬಿಗಿಯೂ ಅಲ್ಲ, ದೊಗಳೆಯೂ ಅಲ್ಲ. ಅದರ ಅಂಚಿನ ಕೈಹೊಲಿಗೆ ಮಾತ್ರ ಸಣ್ಣಗೆ, ನೇರವಾಗಿ, ಒತ್ತಾಗಿ ಇತ್ತು. ಅದು ಹೆಂಡತಿಯದ್ದು. ಇಷ್ಟು ವರ್ಷ ಅವನ ಅಂಗಡಿಯ ಬಟ್ಟೆಗಳಿಗೆ ಅಂಚು ಹೊಲಿದ ಹೊಲಿಗೆಯನ್ನು ಅವನು ಗುರುತಿಸದೆ ಇರುತ್ತಾನೆಯೇ?

"ನಾನೇ ಇನ್ನೊಂದು ಬಟ್ಟೆ ಕೊಂಡು ಕರ್ಕೊಂಡು ಹೋದೆ ರೀ," ಎಂದಳು ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು. "ಬೆಳಿಗ್ಗೆ ಮುಖ ಸಪ್ಪೆ ಮಾಡ್ಕೊಂಡು ಬಂದ್ಲು. ನೀವು ಹೊಲಿಯಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತು."

"ಮಧ್ಯಾಹ್ನ ಮಲಗಿದ್ದನಲ್ಲ ಅವನು."

"ಹೊಲಿದಾದ ಮೇಲೆ ಮಲಗಿರ್ತಾನೆ."

ಅವನು ಪೊಟ್ಟಣವನ್ನು ಕಂಕುಳಲ್ಲೇ ಇಟ್ಟುಕೊಂಡು ನಿಂತ. ಕೂಗಾಡಬೇಕೆನ್ನಿಸಿತು. ಬಾಯಿಗೆ ಬಂದದ್ದು ಮಾತ್ರ ಟೈಲರನ ಮಾತು: "ಅಳತೆ ಹೇಗೆ ತಗೊಂಡ?"

"ಹೇಗೆ ಅಂದ್ರೆ? ಟೇಪ್ ಹಿಡಿದು," ಎಂದಳು ಚೂಟಿ ಕನ್ನಡಿಯೊಳಗಿಂದ.

"ಏನಂದ?"

"ಏನೂ ಅನ್ನಲಿಲ್ಲ. ತುದೀಲಿ ಟೇಪ್ ಸುತ್ತುವಾಗ ನಾನು ಕಿಸಕ್ ಅಂದೆ. ಕಚಗುಳಿ ಆಗುತ್ತೇನಮ್ಮ ಅಂದ. ಅಲ್ಲಿ ತುಂಬಾ ಆಗುತ್ತೆ ಅಂದೆ. ಹಂಗಾದ್ರೆ ಉಸಿರು ಹಿಡ್ಕೋ ಅಂದ."

ಟೈಲರಿಗೆ ತನ್ನ ಮಗಳಿಗೆ ಅಲ್ಲಿ ಕಚಗುಳಿಯಾಗುತ್ತದೆಂದು ಗೊತ್ತಿರಲಿಲ್ಲ. ಅವಳ ಅಂಗಾಲಿನದ್ದು ಗೊತ್ತಿತ್ತು, ಕುತ್ತಿಗೆಯದ್ದು ಗೊತ್ತಿತ್ತು. ಮಗುವಾಗಿದ್ದಾಗ ಕಾಡಿಸಿ ಕಾಡಿಸಿ ನಗಿಸಿದ್ದ. ಇದು ಬೀದಿಯ ಆಚೆಯ ಸೊಟ್ಟಣ್ಣನಿಗೆ ಒಂದು ಬೆಳಿಗ್ಗೆಯಲ್ಲಿ ಗೊತ್ತಾಗಿತ್ತು. ಅವನು ಹತ್ತಿರ ಹೋಗಿ ಕಾಲರು ಮುಟ್ಟಿದ.

"ಸೊಟ್ಟ ಇದೆ. ಬಿಚ್ಚಿ ಕೊಡು, ಕೂತಲ್ಲೇ ಸರಿ ಮಾಡ್ತೀನಿ. ತೋಳು ಮುಟ್ಟಲ್ಲ."

"ಗೊತ್ತು, ನೀನು ಮುಟ್ಟಲ್ಲ," ಎಂದಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ. "ಸೊಟ್ಟ ಇದ್ರೆ ಇರ್ಲಿ ಬಿಡಪ್ಪ."

ಪೊಟ್ಟಣವನ್ನು ಅವನು ಕಪಾಟಿನೊಳಗೆ ಇಡಲು ಹೋದ. ಅಲ್ಲಿ ಕೃತಕ ಕೈ ಪಟ್ಟಿಗಳನ್ನು ಸುತ್ತಿಕೊಂಡು, ಗವಸಿನ ಸಮೇತ ಮಲಗಿತ್ತು. ಮನೆಯಲ್ಲಿ ಅದಕ್ಕೆ ಅಪ್ಪನ ಕೈ ಎಂದೇ ಹೆಸರು. ಅಮ್ಮ, ಅಪ್ಪನ ಕೈ ಕೊಡು. ಅಮ್ಮ, ಅಪ್ಪನ ಕೈ ಉಜ್ಜುತ್ತಿದೆ, ಬಿಚ್ಚು. ಓಡಾಡಿ ಮಾಡಿಸಿಕೊಟ್ಟವನು ತಾನೆಂಬ ಪ್ರೀತಿಗೆ ಹಾಗೆನ್ನುತ್ತಾಳೆಂದು ಅವನು ಇಷ್ಟು ದಿನ ನೆಂಟರ ಮುಂದೆ ಹೇಳಿಕೊಂಡು ಹಿಗ್ಗಿದ್ದ. ಪೊಟ್ಟಣವನ್ನು ಅದರ ಪಕ್ಕಕ್ಕೆ ತಳ್ಳಿ ಕಪಾಟು ಮುಚ್ಚಿದ.

ಬೆಳಿಗ್ಗೆ ಅವನು ಎಲ್ಲರಿಗಿಂತ ಮುಂಚೆ ಎದ್ದು ಅಂಗಡಿಗೆ ಹೋದ. ಹೊಸ ಶಾಲೆಯ ದಾರಿ ಆ ಬೀದಿಯಲ್ಲೇ. ಬ್ಯಾಂಕಿನ ಗುಮಾಸ್ತರೊಬ್ಬರು, ಎರಡು ಅಂಗಿಯ ಬಟ್ಟೆ ಹಿಡಿದು ಬಂದವರು, ಮೆಟ್ಟಿಲ ಮೇಲೆ ನಿಂತು ಯೂನಿಫಾರ್ಮಿನ ಮಕ್ಕಳು ಹೋಗುವುದನ್ನು ನೋಡುತ್ತಿದ್ದರು. ಆ ಗುಂಪಿನಲ್ಲಿ ಅರ್ಧಕ್ಕರ್ಧ ಇವನು ಹೊಲಿದ ಅಂಗಿಗಳು. ಬೆನ್ನು ನೋಡಿಯೇ ಹೇಳಬಲ್ಲ. ಚೂಟಿ ಬಂದಳು. ಬ್ಯಾಗು ಬಲಹೆಗಲಿಗೆ, ಒಂದು ಪುಸ್ತಕ ಮರಿಗೈಯ ಕೆಳಗೆ ಒತ್ತಿ ಹಿಡಿದದ್ದು. ಪಕ್ಕದಲ್ಲಿ ನಡೆಯುತ್ತಿದ್ದ ಯಾರೋ ಹುಡುಗಿ ಅವಳ ತೋಳನ್ನು ನೇರವಾಗಿ ನೋಡುತ್ತ ಏನೋ ಕೇಳುತ್ತಿದ್ದಳು, ಇವಳು ಏನೋ ಹೇಳುತ್ತಿದ್ದಳು. ಗುಮಾಸ್ತರ ಕಣ್ಣೂ ಅಲ್ಲಿಗೆ ಹೋಯಿತು. ಟೈಲರ್ ಉಸಿರು ಹಿಡಿದ.

"ಅದು ನಿಮ್ಮ ಮಗಳಲ್ವೇನ್ರೀ?" ಎಂದರು ಅವರು ದೊಡ್ಡ ದನಿಯಲ್ಲಿ. "ಏನ್ರೀ ಆ ಕಾಲರು! ನೀವೇ ಹೊಲಿದದ್ದಾ?"

ಅವರ ಕೈಯಲ್ಲಿ ಬಟ್ಟೆಯಿತ್ತು. ಇಲ್ಲ ಎನ್ನುವುದು ಸುಲಭವಿತ್ತು. ಇಲ್ಲ ಎಂದರೆ ಯಾರು ಎನ್ನುತ್ತಾರೆ, ಯಾಕೆ ಎನ್ನುತ್ತಾರೆ. ಟೈಲರನ ಮಗಳು ಬೇರೆ ಕಡೆ ಯಾಕೆ ಹೋದಳು?

"ಹೌದು ಸಾರ್," ಎಂದ. "ನಾನೇ. ಸ್ವಲ್ಪ ಅವಸರ ಆಯ್ತು."

ಚೂಟಿ ಆ ಹೊತ್ತಿಗೆ ಸರಿಯಾಗಿ ಮೆಟ್ಟಿಲ ಮುಂದಿದ್ದಳು. ನಿಂತಳು. ಅಪ್ಪನನ್ನು ನೋಡಿದಳು. ಬಿಸಿ ನೀರಿನ ಸುಳ್ಳು ಹೇಳಿದ ದಿನ ಮೇಜಿನ ಕೆಳಗೆ ಬಟ್ಟೆಯ ಚೂರುಗಳ ನಡುವಿನಿಂದ ಕತ್ತೆತ್ತಿ ಹೀಗೇ ನೋಡಿದ್ದಳೋ ಏನೋ, ಅವನು ಆಗ ಬಗ್ಗಿ ನೋಡಿರಲಿಲ್ಲ.

"ಅಲ್ಲ ಅಂಕಲ್," ಎಂದಳು ಗುಮಾಸ್ತರಿಗೆ. "ನಮ್ಮಪ್ಪ ಇಷ್ಟು ಕೆಟ್ಟದಾಗಿ ಹೊಲಿಯಲ್ಲ. ಅಪ್ಪನ ಹತ್ರ ನನ್ನ ಅಳತೆ ಇಲ್ಲ, ಅದಕ್ಕೆ ಎದುರುಗಡೆ ಕೊಟ್ವಿ."

ಪುಸ್ತಕವನ್ನು ಮರಿಗೈಯ ಕೆಳಗೆ ಇನ್ನೊಮ್ಮೆ ಸರಿಮಾಡಿಕೊಂಡು ಹೊರಟುಹೋದಳು. ಜೊತೆಯ ಹುಡುಗಿ ಅವಳನ್ನು ಸೇರಿಕೊಳ್ಳಲು ಓಡಿದಳು. ಗುಮಾಸ್ತರು ಒಂದು ಕ್ಷಣ ಎದುರು ಸಾಲಿನತ್ತ ನೋಡಿದರು, ಇವನತ್ತ ನೋಡಿದರು, ಆಮೇಲೆ ಒಳಗೆ ಬಂದು ಎರಡೂ ತೋಳು ಚಾಚಿ ನಿಂತರು. ಅವನು ಕೊರಳಿನಿಂದ ಟೇಪು ತೆಗೆದ. ಭುಜದಿಂದ ಮಣಿಕಟ್ಟಿನವರೆಗೆ ಬಲತೋಳಿನ ಅಳತೆ ತೆಗೆದುಕೊಂಡ. ಅವರು ಎಡತೋಳನ್ನು ಹಾಗೇ ಚಾಚಿ ಹಿಡಿದು ಕಾಯುತ್ತಿದ್ದರು.

"ಅದನ್ನ ಇಳಿಸಿ ಸಾರ್," ಎಂದ. "ಅದರದ್ದು ಬೇಕಾಗಿಲ್ಲ."